ಜಪಾನಮ್ಮನ ಶಿಸೊ

ಅವರು ತಂದದ್ದು ಒಂದು ಹಳೆಯ ಬಿಸ್ಕತ್ತಿನ ಡಬ್ಬಿ. ಫ್ರಿಜ್ಜಿನಿಂದ ತೆಗೆದು ನೇರವಾಗಿ ತಂದಿದ್ದರಿಂದ ಅದರ ಮೈಮೇಲೆ ನೀರಿನ ಹನಿ ಕೂತಿತ್ತು. ಯುಗಾದಿ ಕಳೆದ ವಾರ ಅದು. ಕಾಮಾಕ್ಷಿಪಾಳ್ಯದ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ನಾನು ಟೊಮೆಟೊ ಸಸಿಗಳಿಗೆ ನೀರು ಹಾಕುತ್ತಿದ್ದೆ. ಎಪ್ಪತ್ತು ದಾಟಿದ ಮನುಷ್ಯರು, ಮೆಟ್ಟಿಲು ಹತ್ತಿ ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ತಾರಸಿ ತೋಟ ಮಾಡ್ಕೊಡೋ ಹುಡುಗಿ ನೀವೇನಾ?"

"ಹೌದು ಸಾರ್."

"ನನಗೆ ತೋಟ ಬೇಡ. ಇದರಲ್ಲಿ ಬೀಜ ಇದೆ, ನನ್ನ ಹೆಂಡ್ತೀದು. ಜೀವ ಇದೆಯಾ ಅಂತ ನೋಡ್ಬೇಕು."

ಡಬ್ಬಿಯೊಳಗೆ ಮಡಚಿದ ಕಾಗದದ ಪೊಟ್ಟಣಗಳಿದ್ದವು. ಪ್ರತಿಯೊಂದರ ಮೇಲೂ ಜಪಾನಿ ಅಕ್ಷರ. ಏನು ಬರೆದಿದೆ ಸಾರ್ ಎಂದು ಕೇಳಿದೆ.

"ಗೊತ್ತಿಲ್ಲಮ್ಮ. ಮಾತಾಡೋಕೆ ಕಲ್ತಿದ್ದೆ. ಓದೋಕೆ ಕಲೀಲಿಲ್ಲ."

ಅವರದು ಅತ್ತಿಗುಪ್ಪೆಯ ಹಳೇ ಒಕ್ಕಲು ಮನೆತನ. ಯಂತ್ರ ತಯಾರಿಸುವ ಕಾರ್ಖಾನೆಯೊಂದರಲ್ಲಿದ್ದಾಗ ತರಬೇತಿಗೆಂದು ಜಪಾನಿಗೆ ಕಳಿಸಿದ್ದರಂತೆ. ವಾಪಸು ಬಂದ ಕೆಲವು ವರ್ಷಕ್ಕೆ ಅಲ್ಲಿನ ಹುಡುಗಿಯನ್ನು ಮದುವೆಯಾಗಿ ಕರೆತಂದರು. ಬೀದಿಯವರು ಆಕೆಗೆ ಜಪಾನಮ್ಮ ಎಂದು ಹೆಸರಿಟ್ಟರು, ಅದೇ ನಿಂತಿತು. ಕಳೆದ ಕಾರ್ತಿಕದಲ್ಲಿ ಆಕೆ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಮನೆಯಲ್ಲಿ ಈಗ ಇವರು ಮತ್ತು ಇವರ ಅಕ್ಕ, ಇಬ್ಬರೇ.

"ಈ ಕಾರ್ತಿಕಕ್ಕೆ ವರ್ಷದ ಕಾರ್ಯ. ಎಡೆ ಇಡ್ಬೇಕು," ಎಂದರು.

ಎಡೆಯ ವಿಷಯ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮಲ್ಲೂ ಹಾಗೇ. ಸತ್ತವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಮಾಡಿ, ಬಾಳೆ ಎಲೆಯಲ್ಲಿ ಫೋಟೋದ ಮುಂದೆ ಬಡಿಸಿ, ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಹೊರಗಿರುತ್ತೇವೆ. ನಮ್ಮ ತಾತನ ಎಡೆಗೆ ಇವತ್ತಿಗೂ ಬೀಡಿ ತಪ್ಪುವುದಿಲ್ಲ.

"ಹನ್ನೊಂದನೇ ದಿನ ಮುದ್ದೆ, ಬಸ್ಸಾರು, ವಡೆ, ಪಾಯಸ, ಎಲ್ಲಾ ಇಟ್ವಿ. ಎಲ್ಲಾ ನಮಗಿಷ್ಟ ಆಗಿದ್ದೇ. ಅವಳದು ಅಂತ ಒಂದು ಎಲೆ ಇರ್ಲಿಲ್ಲ ಅಲ್ಲಿ. ಆಗ ಹೊಳೀಲೇ ಇಲ್ಲ."

ಫೋನಿನ ಕ್ಯಾಮೆರಾ ಹಿಡಿದು ಅನುವಾದದ ಆ್ಯಪ್‌ನಿಂದ ಪೊಟ್ಟಣಗಳನ್ನು ಓದಿಸಿದೆ. ಒಂದನ್ನು ನೀರು ತರಕಾರಿ ಎಂದಿತು, ಇನ್ನೊಂದನ್ನು ದೊಡ್ಡ ಬೇರು ಎಂದಿತು. ಮೊದಲನೆಯದು ಮಿಜುನ, ಸಾಸಿವೆ ಜಾತಿಯ ಸೀಳೆಲೆಯ ಸೊಪ್ಪು. ಎರಡನೆಯದು ದೈಕೊನ್, ಅಂದರೆ ಅವರ ಕಡೆಯ ಉದ್ದ ಮೂಲಂಗಿ. ಮೂರನೆಯ ಪೊಟ್ಟಣ ಎಲ್ಲಕ್ಕಿಂತ ಚಿಕ್ಕದು. ಅದು ಶಿಸೊ.

ಶಿಸೊ ನಮ್ಮ ತುಳಸಿಯ ಬಳಗದ್ದೇ. ಎಲೆ ಅಗಲ, ಅಂಚು ಗರಗಸದಂತೆ. ಹಿಸುಕಿದರೆ ಪುದೀನ, ಜೀರಿಗೆ, ತುಳಸಿ ಮೂರನ್ನೂ ಒಟ್ಟಿಗೆ ಅರೆದಂತೆ ವಾಸನೆ. ಆಕೆಯ ಗಿಡದ ಎಲೆ ಮೇಲೆ ಹಸಿರು, ಅಡಿಯಲ್ಲಿ ನೇರಳೆ ಬಣ್ಣವಂತೆ. ಆಕೆಯ ತಾಯಿಯ ಹಿತ್ತಲಿನಿಂದ ಬಂದ ಬೀಜವನ್ನೇ ವರ್ಷ ವರ್ಷ ಬೆಳೆಸಿ, ಬೀಜ ಹಿಡಿದು, ಮತ್ತೆ ಬಿತ್ತಿಕೊಂಡು ಬಂದಿದ್ದರಂತೆ.

"ಬೀಜಕ್ಕೆ ವರ್ಷ ದಾಟಿದೆ ಸಾರ್. ಶಿಸೊ ಬೀಜಕ್ಕೆ ಆಯಸ್ಸು ಕಮ್ಮಿ. ಆನ್‌ಲೈನಲ್ಲಿ ಹೊಸದು ಸಿಗತ್ತೆ, ತರಿಸ್ಲಾ?"

"ಅದು ಅವಳದಲ್ಲವಲ್ಲಮ್ಮ," ಎಂದರು.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ತೋಟಗಾರಿಕೆ ಬಿ.ಎಸ್ಸಿ. ಅಪ್ಪ ಲೇತ್ ಕೆಲಸ, ಅಮ್ಮ ಗಾರ್ಮೆಂಟ್ಸು. ಆ ಡಿಗ್ರಿಗೆ ಅವರು ಪಟ್ಟ ಕಷ್ಟ ಬೇರೆ ಮಾತು, ಆದರೆ ಬಂದ ಮೇಲೆ ಅದನ್ನು ನಾನು ಮುಚ್ಚಿಟ್ಟುಕೊಂಡವಳಲ್ಲ. ಆಗಲ್ಲ ಎನ್ನುವ ಮಾತು ಆ ದಿನ ನನ್ನ ಬಾಯಿಂದ ಬರಲಿಲ್ಲ.

ಮೊದಲು ಮೊಳಕೆ ಪರೀಕ್ಷೆ. ಪ್ರತಿ ಪೊಟ್ಟಣದಿಂದ ಒಂದು ಚಿಟಿಕೆ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಮಿಜುನ, ದೈಕೊನ್ ಎರಡೂ ಬೇಗ ಬಾಯಿ ಬಿಟ್ಟವು. ಅವುಗಳ ಚಿಂತೆ ಇರಲಿಲ್ಲ. ಚಳಿ ಶುರುವಾಗುವ ಮುಂಚೆ ಬಿತ್ತಿದರೆ ಕಾರ್ತಿಕಕ್ಕೆ ಸರಿಯಾಗಿ ಬರುತ್ತವೆ. ಬೇಸಿಗೆಯಲ್ಲಿ ಬಿತ್ತಿದರೆ ಸೊಪ್ಪಿಗಿಂತ ಮೊದಲು ಹೂವು, ಅದಕ್ಕೂ ಮೊದಲು ಜಿಗಿಯುವ ಹುಳು. ಶಿಸೊ ಮಾತ್ರ ಬಟ್ಟೆಯೊಳಗೆ ಹಾಗೇ ಮಲಗಿತ್ತು. ಎರಡು ವಾರ ಕಾದೆ. ಒಂದೂ ಒಡೆಯಲಿಲ್ಲ, ಬಟ್ಟೆಯೇ ಮುಗ್ಗಲು ವಾಸನೆ ಹೊಡೆಯಿತು. ಆ ಚಿಟಿಕೆ ಹೋದಂತೆಯೇ.

ಉಳಿದದ್ದನ್ನು ಹಾಗೆ ಕಳೆಯುವಂತಿರಲಿಲ್ಲ. ಒಂದು ರಾತ್ರಿ ನೀರಲ್ಲಿ ನೆನೆಸಿ, ಚಳಿಗಾಲ ಕಳೆಯಿತೆಂದು ಬೀಜಕ್ಕೆ ಅನ್ನಿಸಲೆಂದು ಒಂದು ವಾರ ಒದ್ದೆ ಮರಳಿನ ಜೊತೆ ಫ್ರಿಜ್ಜಿನಲ್ಲಿಟ್ಟೆ. ತೆಂಗಿನ ನಾರಿನ ಪುಡಿಗೆ ಜರಡಿ ಹಿಡಿದ ಎರೆಗೊಬ್ಬರ ಬೆರೆಸಿ, ಬಿರಿಯಾನಿ ಬರುತ್ತದಲ್ಲ, ಆ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿದೆ. ಶಿಸೊ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ಮೇಲೆ ಉದುರಿಸಿ, ಬೆರಳಿನಿಂದ ಮೆಲ್ಲಗೆ ಒತ್ತಬೇಕು ಅಷ್ಟೇ. ಅಮ್ಮ ಬಗ್ಗಿ ನೋಡಿದಳು.

"ಮಣ್ಣು ಮುಚ್ಚದೇ ಇದ್ರೆ ಇರುವೆ ತಿಂದ್ಕೊಂಡು ಹೋಗುತ್ತೆ ಕಣೇ. ಇಷ್ಟೂ ಹೇಳ್ಕೊಡ್ಲಿಲ್ವಾ ನಿಮ್ ಕಾಲೇಜಲ್ಲಿ?"

"ಮುಚ್ಚಬಾರದು ಅಂತಾನೇ ಹೇಳ್ಕೊಟ್ಟಿದಾರೆ."

ಇರುವೆಗೆ ಡಬ್ಬಿಯನ್ನು ನೀರಿನ ತಟ್ಟೆಯ ನಡುವೆ ಇಟ್ಟೆ. ಹೋಲಿಸಿ ನೋಡಲು ಒಂದಿಷ್ಟು ಶಿಸೊ ಬೀಜ ನಾನೇ ತರಿಸಿ ಪಕ್ಕದ ಡಬ್ಬಿಯಲ್ಲಿ ಬಿತ್ತಿದೆ. ಕೊಂಡ ಬೀಜ ವಾರದೊಳಗೆ ಹಸಿರಾಯಿತು. ಜಪಾನಮ್ಮನ ಡಬ್ಬಿ ಸುಮ್ಮನಿತ್ತು. ಬೆಳಿಗ್ಗೆ ಎದ್ದರೆ ಮುಖ ತೊಳೆಯುವ ಮೊದಲು ಅದರ ಮುಚ್ಚಳ ತೆಗೆಯುತ್ತಿದ್ದೆ. ನೋಡಬೇಡ ಎಂದುಕೊಂಡ ದಿನ ಒಂದು ಮೂಲೆಯಲ್ಲಿ ಬಿಳಿ ಕುಣಿಕೆಯಂತೆ ಒಂದು ಕಾಂಡ ಎದ್ದಿತ್ತು. ಆಮೇಲೆ ಇನ್ನೂ ಕೆಲವು. ಫೋಟೋ ತೆಗೆದು ಕಳಿಸಿದೆ. ಅವರು ತಕ್ಷಣ ಫೋನ್ ಮಾಡಿದರು. "ಹೂಂ... ಹೂಂ..." ಎನ್ನುತ್ತ ಸುಮಾರು ಹೊತ್ತು ಲೈನಿನಲ್ಲಿದ್ದರು.

ಅದೇ ವಾರ ಆಲಿಕಲ್ಲು ಮಳೆ ಬಂತು. ಸಸಿಗೆ ಏಟು ಬೀಳಬಾರದೆಂದು ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ ಒಳಗಿಟ್ಟು ಒಂದು ತೋಟದ ಕೆಲಸಕ್ಕೆಂದು ಕೆಂಗೇರಿಗೆ ಹೋದೆ. ವಾಪಸು ಬರುವಷ್ಟರಲ್ಲಿ ಒಳಗಿನ ತೇವಕ್ಕೆ ಸಸಿಗಳ ಬುಡ ಕರಗಿ, ಒಂದೊಂದಾಗಿ ಮಲಗಿದ್ದವು. ಬೂಷ್ಟು ಹರಡದಿರಲೆಂದು ದಾಲ್ಚಿನ್ನಿ ಪುಡಿ ಉದುರಿಸಿದೆ, ಗಾಳಿಗಿಟ್ಟೆ. ನಿಂತದ್ದು ಎರಡೇ. ಅವರಿಗೆ ಹೇಳಿದಾಗ, "ಎರಡು ಸಾಕು ಬಿಡಮ್ಮ, ನಾವೂ ಇಬ್ಬರೇ ತಾನೇ ಇರೋದು," ಎಂದರು.

ಆಮೇಲೆ ಬಂದ ತೊಂದರೆ ನಾನು ಅಂದುಕೊಂಡದ್ದಲ್ಲ. ಕೊಂಡ ಬೀಜದ ಗಿಡಗಳು ಗೇಣುದ್ದ ಕೂಡ ಬೆಳೆಯದೆ, ನಾಲ್ಕಾರು ಎಲೆ ಬಿಟ್ಟು ತಲೆಯಲ್ಲಿ ಹೂವಿನ ಕದಿರು ಹಾಕಿದವು. ತುಳಸಿಗೆ ಬರುವ ಹಾಗೆಯೇ ಕದಿರು. ಕುಂಡ ಚಿಕ್ಕದಿರಬೇಕೆಂದು ಬದಲಿಸಿದೆ. ಬಿಸಿಲು ಜಾಸ್ತಿಯೇನೋ ಎಂದು ಹಸಿರು ಬಲೆ ಕಟ್ಟಿದೆ. ಹಿಂಡಿ ಗೊಬ್ಬರದ ನೀರು ಕೊಟ್ಟೆ, ಕದಿರು ಚಿವುಟಿದೆ. ಚಿವುಟಿದ ಜಾಗದಲ್ಲಿ ಮತ್ತೆರಡು ಕದಿರು. ಎಲೆ ಬರಬರುತ್ತ ಉಗುರಿನಷ್ಟಾಯಿತು. ಹಿಂದೆ ಬಿದ್ದ ಜಪಾನಮ್ಮನ ಎರಡು ಸಸಿಗಳಿಗೂ ಇದೇ ಗತಿ ಬರಲಿದೆ ಎಂದು ನನಗೆ ಕಾಣುತ್ತಿತ್ತು. ಕಾರಣ ಮಾತ್ರ ಹೊಳೆಯಲಿಲ್ಲ.

ದೊಡ್ಡಬಳ್ಳಾಪುರದ ಕಡೆ ಸಸಿ ತರಲು ಹೋಗಿ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಆಗತಾನೇ ಕತ್ತಲಾಗಿತ್ತು. ರಸ್ತೆಯ ಪಕ್ಕದ ಸೇವಂತಿಗೆ ಹೊಲಗಳಲ್ಲಿ ಸಾಲು ಸಾಲು ಬಲ್ಬು ಉರಿಯುತ್ತಿತ್ತು. ಮದುವೆ ಮನೆಯ ಸೀರಿಯಲ್ ಸೆಟ್ಟಿನ ಹಾಗೆ. ಅದು ಯಾಕೆಂದು ನನಗೆ ಗೊತ್ತು, ಪರೀಕ್ಷೆಯಲ್ಲಿ ಬರೆದವಳು. ಹಗಲು ಚಿಕ್ಕದಾದರೆ ಹೂ ಬಿಡುವ ಜಾತಿ ಅದು. ಬಲ್ಬು ಹಾಕಿ ಹಗಲು ಇನ್ನೂ ಮುಗಿದಿಲ್ಲ ಎಂದು ಗಿಡವನ್ನು ನಂಬಿಸುತ್ತಾರೆ. ನಂಬಿದಷ್ಟು ದಿನ ಅದು ಬೆಳೆಯುತ್ತದೆ, ಹೂ ಬಿಡುವುದಿಲ್ಲ. ಶಿಸೊ ಕೂಡ ಆ ಜಾತಿಯೇ ಇರಬೇಕು. ಜಪಾನಿನ ಬೇಸಿಗೆಯ ಹಗಲು ನಮ್ಮದಕ್ಕಿಂತ ಉದ್ದ. ನಮ್ಮಲ್ಲಿ ಅಷ್ಟುದ್ದದ ಹಗಲು ವರ್ಷದ ಯಾವ ದಿನವೂ ಬರುವುದಿಲ್ಲ. ಬೆಂಗಳೂರಿನಲ್ಲಿ ಈ ಗಿಡ ಹುಟ್ಟಿದಾಗಿನಿಂದಲೇ ಸಂಜೆಯಾಯಿತೆಂದುಕೊಳ್ಳುತ್ತದೆ.

ಹಾಗಿದ್ದರೆ ಆಕೆ ಇಷ್ಟು ವರ್ಷ ಹೇಗೆ ಬೆಳೆಸಿದರು? ಮರುದಿನ ಅತ್ತಿಗುಪ್ಪೆಗೆ ಹೋದೆ.

ಅವರ ತಾರಸಿಯ ಮೇಲೆ ತುಳಸಿ ಕಟ್ಟೆ ಇತ್ತು. ಅದರ ಎದುರು ಗೋಡೆಗೆ ಒರಗಿಸಿದ ಖಾಲಿ ಕುಂಡಗಳು. ಕುಂಡಗಳ ನೆತ್ತಿಯ ಮೇಲೆ ಕಬ್ಬಿಣದ ಪೈಪಿಗೆ ಒಂದು ಬಲ್ಬಿನ ಹೋಲ್ಡರು. ನಾನು ಅದನ್ನೇ ನೋಡುತ್ತ ನಿಂತೆ. ಅವರ ಅಕ್ಕ, ನಾನು ಅಜ್ಜಿ ಎನ್ನುತ್ತಿದ್ದೆ, ಕಾಫಿ ತಂದವರು ನನ್ನ ಕಣ್ಣು ಹೋದ ಕಡೆ ನೋಡಿ ನಕ್ಕರು.

"ಅದಾ? ನಮ್ ಜಪಾನಮ್ಮನ ದೀಪ ಕಣಮ್ಮ. ನಾನು ಸಾಯಂಕಾಲ ತುಳಸಿಗೆ ದೀಪ ಹಚ್ಚೋಕೆ ಬಂದ್ರೆ ಅವಳೂ ಹಿಂದೇನೇ ಬಂದು ಇದನ್ನ ಹಾಕೋಳು. ನಿಮ್ ದೇವ್ರಿಗೆ ನೀವು ಹಚ್ಚಿ ಅಕ್ಕ, ನನ್ ದೇವ್ರಿಗೆ ನಾನು ಹಚ್ತೀನಿ ಅನ್ನೋಳು. ಎಣ್ಣೆ ಇಲ್ಲ ಬತ್ತಿ ಇಲ್ಲ, ಇದ್ಯಾವ ಸೀಮೆ ದೀಪನೇ ಅಂತ ನಾನು ಆಡ್ಕೊಳ್ತಿದ್ದೆ."

ಯಜಮಾನರು ಮಾತಿಗೆ ಸೇರಿದರು. ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

"ಅವಳು ಹೋದಾಗ ಮನೆಗೆ ಸೂತಕ ಅಲ್ವಾ? ತುಳಸಿಗೆ ದೀಪ ಹಚ್ಚೋ ಹಾಗಿಲ್ಲ. ಅವಳ ದೀಪಾನೂ ಹಚ್ಚಬಾರದು ಅಂದ್ರು ಅಕ್ಕ. ನನಗೂ ಸರಿ ಅನ್ನಿಸ್ತು. ನಮ್ಮ ತುಳಸಿಗೆ ಯಾವ ಮರ್ಯಾದೆನೋ ಅವಳ ಗಿಡಕ್ಕೂ ಅದೇ ಮರ್ಯಾದೆ. ನಾನೇ ಆರ್ಸಿದೆ. ಸೂತಕ ಕಳೆದ ಮೇಲೂ ಹಾಕೋಕೆ ಮನಸ್ಸು ಬರ್ಲಿಲ್ಲ. ಹಾಕೋಳೇ ಇಲ್ಲ ಅಂದ್ಮೇಲೆ..."

"ಆಮೇಲೆ ಗಿಡ ಏನಾಯ್ತು ಸಾರ್?"

"ಅದೇ ಆಶ್ಚರ್ಯ ನೋಡಿ. ಅಷ್ಟು ವರ್ಷ ನಾನು ನೋಡಿದ್ದು ಬರೀ ಎಲೆ. ವರ್ಷಕ್ಕೊಂದು ಕುಂಡ ಮಾತ್ರ ಎಲ್ಲೋ ಆ ಮೂಲೆಗೆ ತಳ್ಳಿ ಬೀಜಕ್ಕೆ ಬಿಡೋಳು. ಅವಳು ಹೋದ ತಿಂಗಳಿಗೆ ಎಲ್ಲಾ ಕುಂಡದಲ್ಲೂ ಒಂದೇ ಸಲ ಹೂವು! ದಿನಾ ಬೆಳಿಗ್ಗೆ ಕಿತ್ತು ಅವಳ ಫೋಟೋಗೆ ಇಡ್ತಿದ್ದೆ. ಒಂದೂ ಬಿಡ್ತಿರ್ಲಿಲ್ಲ. ಆಮೇಲೆ ಪಾಪ, ಅವೂ ಒಣಗಿ ಹೋದ್ವು. ಅವಳಿಲ್ಲದೆ ಇರಕ್ಕಾಗ್ಲಿಲ್ಲ ಅಂತ ಕಾಣುತ್ತೆ."

ಕಾಫಿ ಕೈಯಲ್ಲಿ ಆರುತ್ತಿತ್ತು. ಸೂತಕಕ್ಕೆಂದು ಬಲ್ಬು ಆರಿಸಿದ್ದರಿಂದ ಗಿಡಗಳು ಹೂ ಬಿಟ್ಟಿದ್ದವು. ಹೂವನ್ನೆಲ್ಲ ಫೋಟೋಗೆ ಕಿತ್ತಿದ್ದರಿಂದ ಬೀಜ ಕಟ್ಟಲಿಲ್ಲ. ಹೂ ಬಿಟ್ಟ ಮೇಲೆ ಗಿಡಕ್ಕೆ ಆಯಸ್ಸಿಲ್ಲ. ಆಕೆಯ ಮೇಲಿನ ಗೌರವಕ್ಕೆಂದೇ ಈ ಇಬ್ಬರು ಮಾಡಿದ ಎರಡು ಕೆಲಸ ಸೇರಿ ಆಕೆಯ ತೋಟ ಮುಗಿದಿತ್ತು. ನಾನು ಕಾಫಿ ಕುಡಿದು, ಚೆನ್ನಾಗಿದೆ ಅಜ್ಜಿ ಎಂದು ಹೇಳಿ ಇಳಿದು ಬಂದೆ.

ಮನೆಗೆ ಬಂದವಳೇ ಎರಡು ಸಸಿಗಳ ಮೇಲೆ ಬಲ್ಬು ಕಟ್ಟಿದೆ. ಸಂಜೆ ಬೆಳಕಿಳಿಯುವಾಗ ಹಾಕುವುದು, ಮಲಗುವಾಗ ಆರಿಸುವುದು. ಮನೆ ಓನರ್ ಆಂಟಿ ಎದುರು ತಾರಸಿಯಿಂದ ಕೂಗಿದರು.

"ಏನಮ್ಮಾ, ಗಿಡಾನೂ ಓದಿಸ್ತಾ ಇದೀಯಾ?"

"ಹೂಂ ಆಂಟಿ, ಕಾರ್ತಿಕದಲ್ಲಿ ಪರೀಕ್ಷೆ."

ಗಿಡ ನಂಬಿತು. ಕದಿರು ಬರಬೇಕಿದ್ದ ತುದಿಯಲ್ಲಿ ಎಲೆ ಬಂತು, ಎಲೆಯ ಮೇಲೆ ಎಲೆ. ಅಡಿಯ ನೇರಳೆ ಕೂಡ ಕಾಣತೊಡಗಿತು. ಆಷಾಢದ ಗಾಳಿಗೆ ಒಂದು ಗಿಡ ಬುಡದಲ್ಲೇ ಮುರಿಯಿತು. ತುದಿಯನ್ನು ನೀರಿನಲ್ಲಿಟ್ಟು ಬೇರು ಬರಿಸಲು ನೋಡಿದೆ, ಕಪ್ಪಾಗಿ ಕೊಳೆಯಿತು. ಉಳಿದದ್ದು ಒಂದು. ಮಿಜುನ, ದೈಕೊನ್‌ಗಳನ್ನು ಗಣೇಶನ ಹಬ್ಬವಾದ ಮೇಲೆ ಅವರ ತಾರಸಿಯಲ್ಲೇ ಬಿತ್ತಿದೆ. ಅವು ಮರ್ಯಾದೆಯಿಂದ ಬಂದವು. ದಪ್ಪಗಾಗುತ್ತಿದ್ದ ದೈಕೊನ್ ನೋಡಿ ಅಜ್ಜಿ, "ಮೂಲಂಗಿಗೆ ಇಷ್ಟೊಂದು ಬಿಲ್ಡಪ್ಪಾ?" ಎಂದರು.

ಶಿಸೊವನ್ನು ಅತ್ತಿಗುಪ್ಪೆಗೆ ಸಾಗಿಸುವ ದಿನ ಹತ್ತಿರ ಬಂತು. ಅಲ್ಲಿ ಬಲ್ಬು ಹಾಕಬೇಕು. ಯಾಕೆ ಎಂದರೆ ಏನು ಹೇಳಲಿ? ಅಮ್ಮನಿಗೆ ಎಲ್ಲ ಹೇಳಿಕೊಂಡೆ. ಅವಳು ಹೊಲಿಗೆ ಮಿಷನ್ನಿನಿಂದ ತಲೆ ಎತ್ತಲಿಲ್ಲ.

"ಎಳೇ ಗಿಡ, ಬೆಳಕು ಬೇಕು ಅನ್ನು. ಸುಳ್ಳೇನಲ್ವಲ್ಲ. ಹೆಂಡ್ತಿ ಹೋಗಿರೋ ಮನುಷ್ಯನಿಗೆ ನೀನೇ ಗಿಡ ಸಾಯ್ಸಿದೆ ಅಂತ ಹೇಳಿ ನಿನಗೇನೇ ಸಿಗ್ಬೇಕು? ಓದಿರೋದೆಲ್ಲಾ ಹೇಳ್ಬಿಡ್ಬೇಕಾ?"

ಅಮ್ಮ ಹೇಳಿದ್ದು ತಪ್ಪು ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ನಾನು ಗಿಡದ ಕಡೆಯಿಂದ ಯೋಚಿಸಬೇಕಿತ್ತು. ಅರ್ಧ ಮಾತು ಹೇಳಿ ಬಲ್ಬು ಹಾಕಿಸಬಹುದು. ಅದನ್ನು ಅವರು ದೀಪವೆಂದೇ ಹಾಕುತ್ತಾರೆ. ಒಕ್ಕಲು ಮನೆತನ, ದಾಯಾದಿಗಳು ಊರು ತುಂಬ ಇದ್ದಾರೆ. ಯಾರಿಗೋ ಏನೋ ಆಗಿ ಮತ್ತೊಂದು ಸೂತಕ ಬಂದರೆ, ಅದೇ ಮರ್ಯಾದೆಯಿಂದ ಮತ್ತೆ ಆರಿಸುತ್ತಾರೆ. ಆಮೇಲೆ ಹೂ ಬಂದರೆ ಫೋಟೋಗೆ ಕೀಳುತ್ತಾರೆ. ಇರುವುದು ಒಂದೇ ಗಿಡ. ಹೇಳುವುದೆಂದು ತೀರ್ಮಾನಿಸಿದೆ.

ಕುಂಡವನ್ನು ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ಹೋದೆ. ಬಲ್ಬು ಬೇಕೆಂದು ಮಾತ್ರ ಫೋನಿನಲ್ಲಿ ಹೇಳಿದ್ದೆ, ಅವರು ಹೊಸದು ತಂದಿಟ್ಟಿದ್ದರು. ಅಜ್ಜಿಯೂ ಮೇಲೆ ಬಂದರು. ಯಜಮಾನರು ಎಲೆಯೊಂದನ್ನು ತಿರುಗಿಸಿ ಅಡಿಯ ಬಣ್ಣ ನೋಡಿದರು. ಆಮೇಲೆ ಅದರ ಹತ್ತಿರ ಮೂಗು ತಂದು, ಕಣ್ಣು ಮುಚ್ಚಿದರು. ನಾನು ನಿಂತೇ ಹೇಳಿದೆ. ಸೇವಂತಿಗೆ ಹೊಲದಿಂದ ಶುರು ಮಾಡಿ, ಹಗಲು, ಬಲ್ಬು, ಹೂವು, ಬೀಜ, ಎಲ್ಲ. ತರಗತಿಯಲ್ಲಿ ಒಪ್ಪಿಸಿದಂತೆ ಹೇಳಿದೆ, ಮಧ್ಯೆ ನಿಲ್ಲಿಸಿದರೆ ಮುಗಿಸಲಾಗುವುದಿಲ್ಲ ಎಂದು ಗೊತ್ತಿತ್ತು. ಅವರು ಯಂತ್ರದ ಕೆಲಸ ಮಾಡಿದವರು, ಒಂದೂ ಪ್ರಶ್ನೆ ಕೇಳಬೇಕಾಗಲಿಲ್ಲ.

"ಆರ್ಸು ಅಂದಿದ್ದು ನಾನು," ಎಂದರು ಅಜ್ಜಿ. "ಅಯ್ಯೋ, ನಾನೇ ಅಂದಿದ್ದು ಕಣಪ್ಪ."

"ಸ್ವಿಚ್ಚು ಒತ್ತಿದ್ದು ನಾನಲ್ವೇನಕ್ಕ."

ಕೆಳಗೆ ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಯಜಮಾನರು ಹೋಲ್ಡರಿಗೆ ಹಾಕಲು ಬಲ್ಬನ್ನು ನನ್ನ ಕೈಗೆ ಕೊಟ್ಟರು. ನಾನು ಸಿಕ್ಕಿಸಿದೆ.

"ಇದು ನಿಮಗೆ ಯಾವಾಗ ಗೊತ್ತಾಯ್ತಮ್ಮ?"

"ಆವತ್ತು ಬಂದಿದ್ನಲ್ಲ ಸಾರ್. ಆವತ್ತೇ."

"ಅಷ್ಟು ದಿನದಿಂದ ಇದನ್ನ ಹೊತ್ಕೊಂಡು ತಿರುಗಿದೀರಲ್ಲ," ಎಂದರು. ಸಿಟ್ಟಿನಿಂದಲ್ಲ. ಆಮೇಲೆ ಬಲ್ಬಿನ ಕಡೆ ನೋಡಿ ಹೇಳಿದರು: "ಎಷ್ಟೋ ಸಲ ಕೇಳಿದೀನಿ ಅವಳನ್ನ, ಈ ಬಲ್ಬು ಯಾಕೆ ಅಂತ. ದೇವರ ದೀಪ ಅಂತ ನಗೋಳು. ನಾನೂ ನಕ್ಕು ಕೆಳಗೆ ಹೋಗ್ತಿದ್ದೆ. ಅಲ್ಲೇ ನಿಂತು ಇನ್ನೊಂದ್ಸಲ ಕೇಳಿದ್ದಿದ್ರೆ ಹೇಳ್ತಿದ್ಲು."

ಆ ದಿನದಿಂದ ಅವರೇ ಸಂಜೆ ಬಲ್ಬು ಹಾಕಿದರು. ಅಜ್ಜಿ ತುಳಸಿಗೆ ದೀಪ ಹಚ್ಚಿ ಮುಗಿಸುವವರೆಗೆ ಕಾದು, ಆಮೇಲೆ.

ವರ್ಷದ ಕಾರ್ಯದ ದಿನ ಬೆಳಿಗ್ಗೆ ನನ್ನನ್ನೂ ಕರೆದಿದ್ದರು. ದೈಕೊನ್ ತುರಿದು ಹುಳಿಯಲ್ಲಿ ನೆನೆಸಿದ್ದರು. ಮಿಜುನವನ್ನು ಬೇಯಿಸಿ ಎಳ್ಳು ಉದುರಿಸಿದ್ದರು. ಆಕೆ ಮಾಡುವುದನ್ನು ನೋಡಿ ನೋಡಿ ಅಜ್ಜಿಗೆ ಕೈಗೆ ಬಂದಿತ್ತು. ಶಿಸೊ ಎಲೆಯನ್ನು ನಾನೇ ಬಿಡಿಸಿಕೊಟ್ಟೆ, ಗಿಡಕ್ಕೆ ಘಾಸಿಯಾಗದಷ್ಟು ಮಾತ್ರ. ಅದರಲ್ಲಿ ಅನ್ನದ ಉಂಡೆ ಸುತ್ತಿ, ಬಾಳೆ ಎಲೆಯ ಮೇಲೆ ಮುದ್ದೆಯ ಪಕ್ಕ ಇಟ್ಟರು. ಬಾಗಿಲು ಮುಚ್ಚಿ ನಾವೆಲ್ಲ ಪಡಸಾಲೆಯಲ್ಲಿ ನಿಂತೆವು. ಯಜಮಾನರು ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟವರಂತೆ ತಲೆ ಬಾಗಿಸಿಕೊಂಡಿದ್ದರು.

ಬಾಗಿಲು ತೆಗೆದ ಮೇಲೆ ಎಡೆಯಲ್ಲಿದ್ದುದನ್ನು ಹಂಚಿಕೊಂಡು ತಿನ್ನಬೇಕು. ಅಜ್ಜಿ ಒಂದು ಉಂಡೆಯನ್ನು ತಮ್ಮನ ಕೈಗಿಟ್ಟರು.

"ಇದರ ವಾಸನೆ ನನಗೆ ಆಗ್ತಿರ್ಲಿಲ್ಲ," ಎಂದು ಯಜಮಾನರು ನನಗೆ ಹೇಳಿದರು. "ಬಡಿಸಿದಾಗೆಲ್ಲಾ ಪಕ್ಕಕ್ಕೆ ಸರಿಸ್ತಿದ್ದೆ. ಅವಳು ಏನೂ ಅಂತಿರ್ಲಿಲ್ಲ, ಎತ್ಕೊಂಡು ತಿನ್ನೋಳು."

ನಿಧಾನವಾಗಿ ಅಗಿದರು.

"ಹೆಂಗಿದೆ?" ಅಜ್ಜಿ ಕೇಳಿದರು.

"ಗೊತ್ತಿಲ್ಲಕ್ಕ. ಇನ್ನೊಂದು ಕೊಡು."

ನೆಂಟರು ಹೊರಟ ಮೇಲೆ ನಾನು ಶಿಸೊ ಬೀಜದ ಮಾತು ಎತ್ತಿದೆ. ಡಬ್ಬಿಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಕಡ್ಡಿ ನೆಟ್ಟು ಗಿಡವನ್ನು ಸ್ವಲ್ಪ ಕಾಲ ಎಳೆಯಬಹುದು, ಆದರೆ ಕಡ್ಡಿ ನನ್ನ ಕೈಯಲ್ಲಿ ಒಮ್ಮೆ ಕೊಳೆತಿತ್ತು. ಆಕೆಯ ತಾಯಿಯ ಹಿತ್ತಲಿನ ಗಿಡ ಮುಂದೆಯೂ ಇರಬೇಕೆಂದರೆ ಇನ್ನು ಬಲ್ಬು ಹಾಕಬಾರದು, ಇದು ಹೂ ಬಿಡಬೇಕು, ಒಂದು ಹೂವನ್ನೂ ಕೀಳಬಾರದು. ಬೀಜ ಬಲಿತ ಮೇಲೆ ಈ ಗಿಡ ಇರುವುದಿಲ್ಲ. ಇದನ್ನೂ ಪೂರ್ತಿ ಹೇಳಿದೆ.

"ಫೋಟೋಗೆ?"

"ಒಂದೂ ಬೇಡ ಸಾರ್."

ಸಂಜೆ ನಾವು ಮೂವರೂ ಮೇಲೆ ಹೋದೆವು. ಅಜ್ಜಿ ತುಳಸಿಗೆ ದೀಪ ಹಚ್ಚಿದರು. ಯಜಮಾನರು ಎಂದಿನಂತೆ ಗೋಡೆಯ ಸ್ವಿಚ್ಚಿನ ಕಡೆ ಎರಡು ಹೆಜ್ಜೆ ನಡೆದು ನಿಂತರು. ಕೈ ಅರ್ಧ ಎದ್ದಿತ್ತು. ಅದನ್ನು ಇಳಿಸಿ, ವಾಪಸು ಬಂದು ಕುಂಡದ ಪಕ್ಕ ನೆಲದ ಮೇಲೆ ಕೂತರು. ಅಜ್ಜಿ ಅವರ ಪಕ್ಕ ಕೂತರು. ನಾನೂ ಕೂತೆ. ಕತ್ತಲು ಇಳಿಯತೊಡಗಿತು. ಮೊದಲು ಎಲೆಯ ಅಡಿಯ ನೇರಳೆ ಹೋಯಿತು, ಆಮೇಲೆ ಮೇಲಿನ ಹಸಿರು, ಆಮೇಲೆ ಗಿಡ.